ಅರ್ಧ ಇಂಚು: ಶಿಡ್ಲಘಟ್ಟದ ಉದ್ದಣ್ಣನ ಕಾಶಿ ಪ್ರಯಾಣ

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಬಾಬತ್‌ಪುರದಿಂದ. ವಾರಾಣಸಿಯ ವಿಮಾನ ನಿಲ್ದಾಣ ಇರುವುದು ಅಲ್ಲೇ.

"ಏನಪ್ಪಾ ತಮ್ಮಾ, ನನ್ನನ್ನ ಮನುಷ್ಯ ಅಂತ ಕಳಿಸಿದ್ಯೋ, ಗೂಡಿನ ಚೀಲ ಅಂತ ಕಳಿಸಿದ್ಯೋ? ಗೂಡನ್ನಾದ್ರೂ ಹಿಂಗೆ ಒತ್ತಿ ತುಂಬಲ್ಲ ಕಣೋ. ನೂಲು ಹಾಳಾಗುತ್ತೆ ಅಂತ."

ನಾನು ಶಿಡ್ಲಘಟ್ಟದಲ್ಲಿ ಸಣ್ಣದೊಂದು ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ರೈಲು, ಬಸ್ಸು, ವಿಮಾನ, ಜೊತೆಗೆ ಜೆರಾಕ್ಸು. ಫೋನ್ ಮಾಡಿದವರು ನಮ್ಮೂರಿನ ಒಬ್ಬ ರೀಲರ್. ರೇಷ್ಮೆ ಗೂಡು ಕೊಂಡು ನೂಲು ತೆಗೆಸುವವರು. ವಯಸ್ಸು ಐವತ್ತು ದಾಟಿದೆ. ಊರಲ್ಲಿ ಅವರ ನಿಜವಾದ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ, ಎಲ್ಲರಿಗೂ ಅವರು ಉದ್ದಣ್ಣ. ಎತ್ತರ 6 ಅಡಿ 4 ಇಂಚು. ಸೆಂಟಿಮೀಟರ್‌ನಲ್ಲಿ 193. ಅವರ ರೀಲಿಂಗ್ ಘಟಕದ ಬಾಗಿಲ ಮೇಲ್ಗಟ್ಟಿಗೆ ಹಳೇ ಗೋಣಿಚೀಲ ಮಡಿಸಿ ಮೊಳೆ ಹೊಡೆದಿದ್ದಾರೆ. ತಲೆ ತಗುಲಿದರೂ ನೋವಾಗಬಾರದು ಅಂತ.

ಆ ಪ್ರಯಾಣದಲ್ಲಿ ಏನಾಯಿತು, ಯಾಕಾಯಿತು, ವಾಪಸ್ ಬರುವಾಗ ಹೇಗೆ ಸರಿ ಮಾಡಿದೆವು ಅನ್ನೋದನ್ನ ಒಂದು ಕಡೆ ಬರೆದಿಡೋಣ ಅನ್ನಿಸಿತು. ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನೂ ಬರೆಯುತ್ತೇನೆ.

ಸೀಟಿಗೆ ಬೇರೆ ದುಡ್ಡಾ?

ನಮ್ಮ ಕಡೆಯ ರೇಷ್ಮೆ ನೂಲಿಗೂ ಕಾಶಿಗೂ ಹಳೇ ನಂಟು. ಬನಾರಸಿ ಸೀರೆ ನೇಯುವವರು ಕರ್ನಾಟಕದ ನೂಲು ಕೊಳ್ಳುತ್ತಾರೆ. ಉದ್ದಣ್ಣ ಅಷ್ಟು ವರ್ಷ ದಲ್ಲಾಳಿ ಮೂಲಕವೇ ಮಾರಿದವರು. ಈ ಸಲ ತಾವೇ ಹೋಗಿ ಕೊಳ್ಳುವವರ ಮುಖ ನೋಡಿ ಬರಬೇಕು ಅಂತ ಮನಸ್ಸು ಮಾಡಿದ್ದರು. ರೈಲಲ್ಲಿ ಹೋದರೆ ದಾರಿಯಲ್ಲೇ ಎರಡು ದಿನ ಕಳೆಯುತ್ತವೆ. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ನಮಗೆ ಅದು ಬೆಂಗಳೂರಿನ ಎಷ್ಟೋ ಬಡಾವಣೆಯವರಿಗಿಂತ ಹತ್ತಿರ. ನಮ್ಮ ಪಕ್ಕದ ವಿಜಯಪುರ ದಾಟಿದರೆ ಮುಗಿಯಿತು. ನೇರ ವಿಮಾನ ಇದೆ, ಸುಮಾರು ಎರಡೂವರೆ ಗಂಟೆ ಹಾರಾಟ. ಉದ್ದಣ್ಣ ವಿಮಾನ ಹತ್ತುತ್ತಿದ್ದುದು ಅದೇ ಮೊದಲು.

ಬುಕ್ ಮಾಡುವಾಗ ಪರದೆ ಮೇಲೆ ಸೀಟಿನ ನಕ್ಷೆ ಬಂತು. ಕಿಟಕಿ ಪಕ್ಕದ್ದು, ದಾರಿ ಪಕ್ಕದ್ದು, ಮುಂದಿನ ಸಾಲಿನದ್ದು, ಎಲ್ಲದಕ್ಕೂ ಒಂದೊಂದು ರೇಟು.

"ಟಿಕೆಟ್ಟಲ್ಲಿ ಸೀಟು ಬರಲ್ವೇನೋ? ನಿಂತ್ಕೊಂಡು ಹೋಗ್ತಾರಾ?" ಅಂದರು.

"ಬರುತ್ತಣ್ಣ. ಅವರು ಕೊಟ್ಟಿದ್ದು ತಗೋಬೇಕು ಅಷ್ಟೆ."

"ಹಂಗಾದ್ರೆ ಅವರು ಕೊಟ್ಟಿದ್ದೇ ಸಾಕು."

ಗೂಡಿನ ಮಾರುಕಟ್ಟೆಯಲ್ಲಿ ಕೆಜಿಗೆ ಐದು ರೂಪಾಯಿ ಹೆಚ್ಚುಕಮ್ಮಿಗೆ ಅರ್ಧ ದಿನ ಲೆಕ್ಕ ಹಾಕುವ ಜನ ನಾವು. ನಾನೂ ಸುಮ್ನಾದೆ. ಎದುರಿಗೆ 6 ಅಡಿ 4 ಇಂಚಿನ ಮನುಷ್ಯ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡಿ ಎದೆಗೆ ಬಂದ ಹಾಗೆ ಕೂತಿದ್ದರು. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ವೆಬ್ ಚೆಕ್-ಇನ್ ಮಾಡಿದಾಗ ಬಂದದ್ದು 24ಇ. ಹಿಂದಿನ ಭಾಗ, ಮೂರು ಸೀಟಿನ ನಡುವೆ.

ಬಸ್ಸಾಗಿದ್ದರೆ ಉದ್ದಣ್ಣ ಇಂಥ ತಪ್ಪು ಮಾಡುವವರಲ್ಲ. ಚಿಂತಾಮಣಿಗೋ ಬೆಂಗಳೂರಿಗೋ ಹೋಗುವಾಗ ಅವರು ಹತ್ತಿ ನೇರ ಹೋಗಿ ಕೂರುವುದು ಕೊನೆಯ ಸಾಲಿನ ನಡುವಿನ ಸೀಟಿಗೆ. ಎದುರಿಗೆ ಓಡಾಡುವ ದಾರಿ, ಕಾಲು ಎಷ್ಟು ಬೇಕಾದರೂ ಚಾಚಬಹುದು. ಎಲ್ಲರೂ ಬೇಡ ಅನ್ನುವ, ಕುಲುಕಾಟ ಜಾಸ್ತಿ ಇರುವ ಸೀಟು ಅದು. ಮೂವತ್ತು ವರ್ಷದ ಬಸ್ ಅನುಭವದಿಂದ ಅವರೇ ಕಂಡುಕೊಂಡಿದ್ದು. ವಿಮಾನದಲ್ಲಿ ಅಂಥ ಜಾಗ ಯಾವುದು ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದವನು ನಾನು.

24ಇ

ಅವರು ವಾಪಸ್ ಬಂದ ಮೇಲೆ ನಮ್ಮ ಅಂಗಡಿಯಲ್ಲೇ ಕೂರಿಸಿ, ಟೀ ತರಿಸಿ, ಒಂದೊಂದಾಗಿ ಕೇಳಿದೆ. ಅವರು ಹೇಳಿದ್ದು ಹೀಗೆ.

ಒಳಗೆ ಹೋಗಿ ಕೂರುವಾಗಲೇ ಮಂಡಿ ಮುಂದಿನ ಸೀಟಿಗೆ ತಗುಲಿತು. ಹಿಂದಕ್ಕೆ ಸರಿದು ಸೊಂಟವನ್ನು ಒರಗಿಗೆ ಅಂಟಿಸಿದರು. ಆಗಲೂ ತಗುಲಿತು. ಬೆಲ್ಟ್ ಹಾಕಿಕೊಂಡ ಮೇಲೆ ಇನ್ನು ಹಿಂದಕ್ಕೆ ಹೋಗುವ ಮಾತಿಲ್ಲ. ಮಂಡಿ ನೇರ ಇಡಲು ಆಗದಿದ್ದಾಗ ಎರಡು ಕಾಲನ್ನೂ ಅಗಲಿಸಿದರು. ಎಡಗಡೆ ಒಬ್ಬ ಹೆಂಗಸು, ಬಲಗಡೆ ಕಾಲೇಜು ಹುಡುಗ. ಹೆಂಗಸಿಗೆ ಮುಜುಗರ, ಇವರಿಗೆ ಅದಕ್ಕಿಂತ ಜಾಸ್ತಿ. "ತಪ್ಪು ತಿಳ್ಕೋಬೇಡಮ್ಮಾ" ಅಂತ ಎರಡು ಸಲ ಹೇಳಿದರಂತೆ. ಕೊನೆಗೆ ಎರಡೂ ಕಾಲನ್ನು ಹುಡುಗನ ಕಡೆಗೇ ವಾಲಿಸಿ, ಸೊಂಟ ತಿರುಚಿಕೊಂಡು ಕೂತರು.

ವಿಮಾನ ಮೇಲೇರಿ ಸ್ವಲ್ಪ ಹೊತ್ತಿಗೆ ಮುಂದಿನವರು ಸೀಟು ಹಿಂದಕ್ಕೆ ಒರಗಿಸಿದರು. ಅದು ಒರಗುವುದೇ ಎರಡು ಬೆರಳಿನಷ್ಟು. ಆ ಎರಡು ಬೆರಳು ನೇರ ಇವರ ಮಂಡಿಚಿಪ್ಪಿನ ಮೇಲೆ ಬಂತು. ಇವರಿಗೆ ಗೊತ್ತಿಲ್ಲದೆ "ಅಯ್ಯೋ" ಅಂತ ಬಾಯಿಂದ ಬಂತು. ಮುಂದಿನವರು ತಿರುಗಿ ನೋಡಿದರು, ಏನೂ ಅರ್ಥವಾಗದೆ ಮತ್ತೆ ಒರಗಿದರು. ಊಟದ ಟ್ರೇ ಪೂರ್ತಿ ಇಳಿಯಲಿಲ್ಲ. ತೊಡೆಗೆ ತಾಗಿ ಓರೆಯಾಗಿ ನಿಂತಿತು. ಟೀ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಕುಡಿದರು. ತಲೆ ಇಡುವ ಜಾಗ ಅವರ ಹೆಗಲಿಗೆ ಬರುತ್ತಿತ್ತು. ಹಿಂದಕ್ಕೆ ಒರಗಿದರೆ ಹೆಗಲು ಮುಂದಕ್ಕೆ ದೂಡಿ, ತಲೆ ಗಾಳಿಯಲ್ಲಿ ತೇಲುತ್ತಿತ್ತು. ನಿದ್ದೆಯ ಮಾತೇ ಇಲ್ಲ.

ಇಳಿಯುವಾಗ ಎದ್ದು ನಿಂತರೆ ಮೇಲಿನ ಲಗೇಜ್ ಪೆಟ್ಟಿಗೆಗೆ ಹಣೆ ಬಡಿಯಿತು. ಬಲಗಾಲು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲವಂತೆ. ಪಾದದ ಮೇಲ್ಭಾಗ ಪೂರ್ತಿ ಜೋಮು. ಮೆಟ್ಟಿಲಿಳಿಯಲು ಕಂಬಿ ಹಿಡಿದುಕೊಂಡೇ ಬಂದರು. ಸುಮಾರು ಇಪ್ಪತ್ತು ನಿಮಿಷಕ್ಕೆ ಜೋಮು ಬಿಟ್ಟಿತು. ಸೊಂಟದ ನೋವು ಎರಡು ದಿನ ಇತ್ತು.

ಅಳತೆ ತಪ್ಪಿದ್ದು ಎಲ್ಲಿ

ಎಲ್ಲರೂ ಇದನ್ನ ಎತ್ತರದ ಸಮಸ್ಯೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನ ಚಿಕ್ಕಪ್ಪನ ಮಗ ಒಬ್ಬ ಚಿಂತಾಮಣಿಯಲ್ಲಿದ್ದಾನೆ. ವಾಲಿಬಾಲ್ ಆಡುತ್ತಿದ್ದವನು, 6 ಅಡಿ 3 ಇಂಚು. ಅವನು ಅದೇ ತರದ ವಿಮಾನದಲ್ಲಿ ಎಷ್ಟೋ ಸಲ ಓಡಾಡಿದ್ದಾನೆ. ತಲೆ ಬಡಿಯುತ್ತೆ ಅಂತಾನೆಯೇ ಹೊರತು ಮಂಡಿ ಬಗ್ಗೆ ಒಂದು ದಿನವೂ ದೂರಿಲ್ಲ. ಒಂದು ಇಂಚಿನ ವ್ಯತ್ಯಾಸಕ್ಕೆ ಇಷ್ಟು ಫರಕ್ ಇರುತ್ತಾ?

ಬಡಗಿಯ ಟೇಪು ತಂದೆ. ಇಬ್ಬರನ್ನೂ ಬೇರೆ ಬೇರೆ ದಿನ ಗೋಡೆಗೆ ಬೆನ್ನು ಅಂಟಿಸಿ ಮರದ ಸ್ಟೂಲಿನ ಮೇಲೆ ಕೂರಿಸಿದೆ. ಸೊಂಟದ ಹಿಂಭಾಗ ಗೋಡೆಗೆ ತಾಗಿರಬೇಕು, ಮಂಡಿ ಸರಿಯಾಗಿ ಮಡಚಿರಬೇಕು. ಗೋಡೆಯಿಂದ ಮಂಡಿಯ ತುದಿಗೆ ಅಳೆದೆ. ಉದ್ದಣ್ಣನದು 26½ ಇಂಚು. ನನ್ನ ತಮ್ಮನದು 25. ಅವನ ಎತ್ತರ ಇರುವುದು ಮುಂಡದಲ್ಲಿ, ಉದ್ದಣ್ಣನದು ಕಾಲಿನಲ್ಲಿ. ನಿಂತರೆ ಒಂದೇ ತರ ಕಾಣುವ ಇಬ್ಬರು ಕೂತ ತಕ್ಷಣ ಬೇರೆ ಬೇರೆ ಆಗುತ್ತಾರೆ.

ಇನ್ನು ಸೀಟಿನ ಕಡೆಯ ಲೆಕ್ಕ. ವಿಮಾನದವರು 'ಪಿಚ್' ಅಂತ ಒಂದು ಅಳತೆ ಹೇಳುತ್ತಾರೆ. ಕ್ರಿಕೆಟ್ ಪಿಚ್ಚಲ್ಲ. ಒಂದು ಸೀಟಿನ ಮೇಲಿನ ಯಾವುದಾದರೂ ಒಂದು ಗುರುತಿನಿಂದ ಅದರ ಹಿಂದಿನ ಸೀಟಿನ ಅದೇ ಗುರುತಿಗೆ ಇರುವ ದೂರ. ಈಗ ಸಾಮಾನ್ಯ ಎಕಾನಮಿ ಸೀಟುಗಳಲ್ಲಿ ಅದು 28ರಿಂದ 32 ಇಂಚು. ಕಡಿಮೆ ದರದ ವಿಮಾನಗಳಲ್ಲಿ 28, 29, 30ರ ಆಸುಪಾಸು. 29 ಇಂಚು ಅಂದ ತಕ್ಷಣ ಕಾಲಿಗೆ 29 ಇಂಚು ಜಾಗ ಇದೆ ಅಂದುಕೊಳ್ಳಬಾರದು. ಸೀಟಿನ ಒರಗಿನ ದಪ್ಪವೂ ಅದರೊಳಗೇ ಸೇರಿದೆ. ಈಗಿನ ತೆಳು ಸೀಟುಗಳಲ್ಲೂ ಒರಗಿನ ಚೌಕಟ್ಟು, ಅದರ ಮೆತ್ತೆ ಸೇರಿ ಅಂದಾಜು ಎರಡೂವರೆ, ಮೂರು ಇಂಚು ಹೋಗುತ್ತೆ. 29ರಲ್ಲಿ 3 ಕಳೆದರೆ 26. ಉದ್ದಣ್ಣನ ಮಂಡಿ 26½.

ಅರ್ಧ ಇಂಚು ಜಾಸ್ತಿ. ನಮ್ಮ ತಮ್ಮನಿಗೆ ಒಂದು ಇಂಚು ಉಳಿಯುತ್ತೆ, ಇವರಿಗೆ ಅರ್ಧ ಇಂಚು ಸಾಲದು. ಮರಗೆಲಸದಲ್ಲಿ ಇಷ್ಟು ಹೆಚ್ಚುಕಮ್ಮಿ ಆದರೆ ಉಜ್ಜೋ ಕೊರಡು ಹಾಕಿ ಸವರಬಹುದು. ಮಂಡಿಚಿಪ್ಪನ್ನು ಸವರಲು ಆಗಲ್ಲ ಅಲ್ವಾ. ಅದಕ್ಕೇ ಅವರು ಓರೆಯಾಗಿ ಕೂತಿದ್ದು, ಸೊಂಟ ತಿರುಚಿದ್ದು, ಪಕ್ಕದವರ ಜಾಗಕ್ಕೆ ಹೋಗಿದ್ದು. ನೋವಿನ ಸರಣಿ ಪೂರ್ತಿ ಆ ಅರ್ಧ ಇಂಚಿನಿಂದ ಹೊರಟಿದ್ದು.

ಇನ್ನೊಂದು ವಿಷಯ ಸ್ಟೂಲಿನ ಮೇಲೆ ಕೂರಿಸಿದಾಗಲೇ ಕಣ್ಣಿಗೆ ಬಿತ್ತು. ಉದ್ದಣ್ಣನ ಮೊಣಕಾಲಿನ ಕೆಳಗಿನ ಭಾಗವೂ ಉದ್ದ. ಹಾಗಾಗಿ ಕೂತಾಗ ಮಂಡಿ ಸೀಟಿಗಿಂತ ಮೇಲೆ ಏಳುತ್ತೆ. ತೊಡೆ ಸೀಟಿಗೆ ತಾಗೋದೇ ಇಲ್ಲ. ಮೈಭಾರ ಪೂರ್ತಿ ಕುಂಡಿಯ ಎರಡು ಮೂಳೆಗಳ ಮೇಲೆ ಬೀಳುತ್ತೆ, ಸೊಂಟ ಹಿಂದಕ್ಕೆ ಬಗ್ಗುತ್ತೆ. ಮಕ್ಕಳ ಶಾಲೆಗೆ ಪೋಷಕರ ಸಭೆಗೆ ಹೋದಾಗ ನರ್ಸರಿ ಕುರ್ಚಿಯಲ್ಲಿ ಕೂತಿದ್ದೀರಾ? ಅದೇ ತರ, ಎರಡೂವರೆ ಗಂಟೆ.

ಒಂದು ಇಂಚಿನ ಬೆಲೆ

ಇಷ್ಟು ಇಕ್ಕಟ್ಟು ಯಾಕೆ ಮಾಡುತ್ತಾರೆ ಅಂತ ಉದ್ದಣ್ಣ ಕೇಳಿದರು. ಅವರಿಗೆ ಅರ್ಥವಾಗುವ ಲೆಕ್ಕದಲ್ಲೇ ಹೇಳಿದೆ.

ನಮ್ಮಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ ಎ320ಯಲ್ಲಿ ಪೂರ್ತಿ ಎಕಾನಮಿ ಮಾಡಿದರೆ ಸುಮಾರು 30 ಸಾಲು, ಸಾಲಿಗೆ 6 ಸೀಟು, ಒಟ್ಟು 180. ಪ್ರತಿ ಸಾಲಿನಿಂದ ಒಂದೇ ಒಂದು ಇಂಚು ಕಿತ್ತುಕೊಳ್ಳಿ. 30 ಸಾಲಿಗೆ 30 ಇಂಚು ಸಿಕ್ಕಿತು. ಅಂದರೆ ಇನ್ನೊಂದು ಸಾಲು. ಆರು ಟಿಕೆಟ್, ಪ್ರತಿ ಹಾರಾಟಕ್ಕೂ, ದಿನಕ್ಕೆ ಹಲವು ಸಲ. ಈಗ 186 ಸೀಟಿನ ಎ320ಗಳೂ ಇವೆ. ಅದನ್ನ ಬರೀ ಕಾಲಿನ ಜಾಗ ಕಿತ್ತು ಮಾಡಿದ್ದಲ್ಲ. ಹಿಂಭಾಗದ ಟಾಯ್ಲೆಟ್ಟು, ಅಡುಗೆ ಸಾಮಾನಿನ ಜಾಗವನ್ನೂ ಕಿರಿದು ಮಾಡಿ ಜಾಗ ಹೊಂದಿಸಿದ್ದಾರೆ.

"ಓ, ಬೇಸಿನ್ ಪಕ್ಕ ಇನ್ನೊಂದು ಬೇಸಿನ್ ತುರುಕಿದ ಹಂಗೆ" ಅಂದರು. ಬೇಸಿನ್ ಅಂದರೆ ಬಿಸಿನೀರಲ್ಲಿ ಗೂಡು ಹಾಕಿ ನೂಲು ಎಳೆಯುವ ತೊಟ್ಟಿ. ಅವರ ಘಟಕದಲ್ಲಿ ಅದೇ ಕೆಲಸ ಹೋದ ವರ್ಷ ಮಾಡಿದ್ದರು. ಬೇಸಿನ್ ಮುಂದೆ ಕೂರುವ ಹೆಂಗಸರು ಮೊಣಕೈ ತಗುಲುತ್ತೆ ಅಂತ ಗೊಣಗುತ್ತಿದ್ದುದು ನನಗೂ ಗೊತ್ತು. ನಾನು ಏನೂ ಹೇಳಲಿಲ್ಲ. ಅವರೂ ಸ್ವಲ್ಪ ಹೊತ್ತು ಟೀ ಲೋಟವನ್ನೇ ನೋಡುತ್ತಿದ್ದರು.

ಅಮೆರಿಕದಲ್ಲಿ ಇದು ಕೋರ್ಟಿಗೇ ಹೋಗಿತ್ತು. ಸೀಟು ಕುಗ್ಗುತ್ತಾ ಹೋದರೆ ಅಪಾಯದ ಹೊತ್ತಲ್ಲಿ ಜನ ಬೇಗ ಹೊರಗೆ ಬರಲು ಆಗುತ್ತಾ ಅನ್ನುವುದು ಪ್ರಯಾಣಿಕರ ಸಂಘದ ವಾದ. ಅರ್ಧದಷ್ಟು ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯಬೇಕು ಅನ್ನುವುದು ವಿಮಾನಕ್ಕೆ ಒಪ್ಪಿಗೆ ಕೊಡುವಾಗಿನ ನಿಯಮ. 2017ರಲ್ಲಿ ಕೋರ್ಟು, ಈ ದೂರನ್ನು ಮತ್ತೆ ಸರಿಯಾಗಿ ನೋಡಿ ಅಂತ ಅಲ್ಲಿನ ವಿಮಾನಯಾನ ಇಲಾಖೆಗೆ ಹೇಳಿತು. 2018ರಲ್ಲಿ ಅಲ್ಲಿನ ಸಂಸತ್ತು, ಸೀಟಿಗೆ ಕನಿಷ್ಠ ಅಳತೆ ಗೊತ್ತು ಮಾಡಿ ಅಂತ ಕಾನೂನನ್ನೇ ಮಾಡಿತು. 2022ರಲ್ಲೂ ಇಲಾಖೆ ಇನ್ನೂ ಜನರ ಅಭಿಪ್ರಾಯ ಕೇಳುತ್ತಾ ಇತ್ತು. ಸರಕಾರಿ ಕೆಲಸ ಎಲ್ಲಾ ಕಡೆ ಒಂದೇ.

ಸೀಟು ಹಿಂದಕ್ಕೆ ಒರಗಿಸಿದವರ ಮೇಲೆ ಉದ್ದಣ್ಣನಿಗೆ ಇನ್ನೂ ಸಿಟ್ಟಿದೆ. ನನಗೆ ಇಲ್ಲ. ಗುಂಡಿ ಕೊಟ್ಟಿದ್ದಾರೆ, ಅವರು ಒತ್ತಿದ್ದಾರೆ. ಅದೇ ಜಾಗವನ್ನ ಇಬ್ಬರಿಗೂ ಮಾರಿದವರು ಬೇರೆ. ಮುಂದಿನ ಸೀಟು ಒರಗದ ಹಾಗೆ ತಡೆಯುವ ಸಣ್ಣ ಪ್ಲಾಸ್ಟಿಕ್ ಕ್ಲಿಪ್ಪೊಂದು ಮಾರಾಟಕ್ಕೆ ಬಂದಿತ್ತು. 2014ರಲ್ಲಿ ಅಮೆರಿಕದಲ್ಲಿ ಒಬ್ಬರು ಅದನ್ನ ಹಾಕಿ, ಮುಂದಿನವರ ಜೊತೆ ಜಗಳ ಹತ್ತಿ, ನ್ಯೂವಾರ್ಕ್‌ನಿಂದ ಡೆನ್ವರ್‌ಗೆ ಹೊರಟ ವಿಮಾನವನ್ನ ದಾರಿಯಲ್ಲೇ ಶಿಕಾಗೋದಲ್ಲಿ ಇಳಿಸಿ ಇಬ್ಬರನ್ನೂ ಇಳಿಸಿ ಹೋಗಿದ್ದರು. ಅಂಥ ಕ್ಲಿಪ್ಪು ತರಿಸಿಕೊಡು ಅಂತ ಕೇಳಿದವರಿಗೆ ಈ ಕತೆ ಹೇಳುತ್ತೇನೆ. ಮುಂದಿನವರ ಭುಜ ಮುಟ್ಟಿ "ಸಾರ್, ನನ್ನ ಮಂಡಿ ನೋಡಿ" ಅಂದರೆ ಸಾಕು. ಮಂಡಿ ಕಣ್ಣಿಗೆ ಬಿದ್ದ ಮೇಲೂ ಒರಗಿಸುವವರು ಕಡಿಮೆ. ಉದ್ದಣ್ಣ "ಅಯ್ಯೋ" ಅಂದರು, ಮಂಡಿ ತೋರಿಸಲಿಲ್ಲ.

ಡಾಕ್ಟರ್ ಹೇಳಿದ್ದು

ಕಾಲು ಜೋಮು ಹಿಡಿದಿತ್ತು ಅಂದಾಗ ನನಗೆ ಭಯ ಆಗಿದ್ದು ರಕ್ತ ಹೆಪ್ಪುಗಟ್ಟುವ ವಿಷಯಕ್ಕೆ. ವಾಪಸ್ ಬಂದ ಮೇಲೆ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೀನಖಂಡ ಒತ್ತಿ ನೋಡಿದರು, ಎರಡು ಕಾಲಿನ ಸುತ್ತಳತೆಯನ್ನೂ ಹೋಲಿಸಿದರು. ಊತ ಇಲ್ಲ, ಬಿಸಿ ಇಲ್ಲ. ಹೆಪ್ಪಲ್ಲ ಅಂದರು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಮೂಳೆಯ ಗುಬ್ಬಿ ಕೈಗೆ ಸಿಗುತ್ತೆ. ಅದನ್ನ ಸುತ್ತಿಕೊಂಡು ಒಂದು ನರ ಚರ್ಮದ ಕೆಳಗೇ ಹೋಗುತ್ತೆ. ಅದನ್ನ ಗಟ್ಟಿ ವಸ್ತುವಿಗೆ ಒತ್ತಿ ಹಿಡಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತೆ. ಉದ್ದಣ್ಣ ಕಾಲು ವಾಲಿಸಿದ್ದು ಬಲಕ್ಕೆ, ಬಲಮಂಡಿಯ ಹೊರಬದಿ ಸೀಟಿನ ಕಬ್ಬಿಣಕ್ಕೆ ಒತ್ತಿಕೊಂಡೇ ಇತ್ತು. ಲೆಕ್ಕ ಸರಿಹೋಯಿತು. ಗಂಟೆಗಟ್ಟಲೆ ಹಾಗೇ ಇದ್ದಿದ್ದರೆ ಪಾದ ಎತ್ತಲಾಗದ ಸ್ಥಿತಿಯೂ ಬರಬಹುದಿತ್ತಂತೆ.

ಹೆಪ್ಪಿನ ಭಯವೂ ಪೂರ್ತಿ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಧ್ಯಯನದ ಪ್ರಕಾರ 4 ಗಂಟೆ ಮೀರಿ ಕೂತೇ ಮಾಡುವ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತೆ. ಹಾಗೆ ಆದರೂ ಸುಮಾರು 6,000 ಜನರಲ್ಲಿ ಒಬ್ಬರಿಗೆ. ವಿಮಾನಕ್ಕೆ ಮಾತ್ರ ಅಲ್ಲ, ಬಸ್ಸು, ಕಾರು, ರೈಲಿಗೂ ಇದೇ ಮಾತು. 190 ಸೆಂಟಿಮೀಟರ್‌ಗಿಂತ ಉದ್ದ ಇರುವವರಿಗೆ ಅಪಾಯ ಇನ್ನೂ ಸ್ವಲ್ಪ ಜಾಸ್ತಿ. 160ಕ್ಕಿಂತ ಗಿಡ್ಡ ಇರುವವರಿಗೂ ಜಾಸ್ತಿ. ಗಿಡ್ಡ ಇರುವವರ ಕಾಲು ನೆಲಕ್ಕೆ ಸರಿಯಾಗಿ ಎಟುಕದೆ ಸೀಟಿನ ಅಂಚು ತೊಡೆಯನ್ನು ಒತ್ತುತ್ತೆ. ಹಾಗಾಗಿ ಉದ್ದಣ್ಣ ವಿದೇಶಕ್ಕೆ ಹೊರಟರೆ ಬೇರೆಯದೇ ಯೋಚನೆ ಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಅಥವಾ ಉಸಿರು ಕಟ್ಟಿದ ಹಾಗೆ ಆದರೆ, ಜೋಮು ಅಂತ ಉಜ್ಜಿಕೊಂಡು ಕೂರಬೇಡಿ, ತಕ್ಷಣ ಬನ್ನಿ ಅಂತ ಡಾಕ್ಟರ್ ಎರಡೆರಡು ಸಲ ಹೇಳಿ ಕಳಿಸಿದರು.

ವಾಪಸ್ ಪ್ರಯಾಣ

ಆ ರಾತ್ರಿ ಫೋನಿನ ಸಮಾಚಾರಕ್ಕೆ ಬರುತ್ತೇನೆ. ಬೈಗುಳ ಮುಗಿದ ಮೇಲೆ ಉದ್ದಣ್ಣ ಕೊನೆಗೆ ಹೇಳಿದ್ದು ಒಂದೇ ಮಾತು. "ವಾಪಸ್ ನಾನು ರೈಲಲ್ಲಿ ಬರ್ತೀನಿ." ಟಿಕೆಟ್ ರದ್ದು ಮಾಡಿದರೆ ಕೈಗೆ ಬರುವುದು ಚಿಲ್ಲರೆ. ನಾಲ್ಕು ದಿನ ಟೈಮ್ ಇತ್ತು, ಏನಾದರೂ ಮಾಡುತ್ತೇನೆ ಅಂದೆ.

ದಾರಿ ಪಕ್ಕದ ಸೀಟು ಸುಲಭ. ಒಂದು ಕಾಲನ್ನಾದರೂ ಹೊರಗೆ ಚಾಚಬಹುದು. ಆದರೆ ತಳ್ಳುಗಾಡಿ ಬಂದಾಗಲೆಲ್ಲ ಎಳೆದುಕೊಳ್ಳಬೇಕು, ನಿದ್ದೆ ಹತ್ತಿದ್ದರೆ ಗಾಡಿ ನೇರ ಮೊಣಕಾಲಿಗೇ. ಮೊದಲ ಸಾಲಿನಲ್ಲಿ ಮುಂದೆ ಸೀಟಿಲ್ಲ, ಯಾರೂ ಒರಗಲ್ಲ. ಆದರೆ ಎದುರಿಗೆ ಗೋಡೆ. ಮಂಡಿಗೆ ಜಾಗ ಸಿಗುತ್ತೆ, ಪಾದ ಚಾಚಲು ಸಿಗಲ್ಲ. ಉದ್ದಣ್ಣನಿಗೆ ಬೇಕಾಗಿದ್ದು ಎರಡೂ.

ಉಳಿದದ್ದು ತುರ್ತು ಬಾಗಿಲಿನ ಸಾಲು. ಎ320ಯಲ್ಲಿ ರೆಕ್ಕೆಯ ಮೇಲೆ ಪ್ರತಿ ಬದಿಗೂ ಎರಡೆರಡು ಸಣ್ಣ ಬಾಗಿಲಿರುತ್ತವೆ. ಅವುಗಳ ಪಕ್ಕದ ಎರಡು ಸಾಲು, ನಮ್ಮಲ್ಲಿ ಸಾಮಾನ್ಯವಾಗಿ 12 ಮತ್ತು 13. ಅಲ್ಲಿ ಜಾಗ ಜಾಸ್ತಿ ಬಿಟ್ಟಿರುವುದು ಉದ್ದ ಇರುವವರ ಮೇಲಿನ ಪ್ರೀತಿಗಲ್ಲ, ಬೆಂಕಿಗಿಂಕಿ ಹತ್ತಿದರೆ ಜನ ನುಗ್ಗಿ ಹೊರಗೆ ಹೋಗಲು. ಅದಕ್ಕೇ 12ನೇ ಸಾಲಿನ ಸೀಟು ಹಿಂದಕ್ಕೆ ಒರಗುವುದಿಲ್ಲ, ಒರಗಿದರೆ 13ರ ದಾರಿ ಕಟ್ಟುತ್ತೆ. ಅಂದರೆ 13ರಲ್ಲಿ ಕೂತವರ ಮುಂದಿನ ಸೀಟು ಎಂದೂ ಮಂಡಿ ಮೇಲೆ ಬರಲ್ಲ. ಬಸ್ಸಿನ ಕೊನೆ ಸಾಲಿನ ನಡುವಿನ ಸೀಟಿಗೆ ವಿಮಾನದಲ್ಲಿ ಸಮ ಅಂದರೆ ಇದೇ. ಬುಕ್ ಮಾಡಲು ನೋಡಿದಾಗ ಉಳಿದಿದ್ದು 13ಇ ಒಂದೇ. ಮತ್ತೆ ನಡುವಿನ ಸೀಟು, ಆದರೂ ತೆಗೆದೆ. ದುಡ್ಡು ನಾನೇ ಹಾಕಿದೆ. ಸೀಟಿಗೆ ಬೇರೆ ದುಡ್ಡಾ ಅಂತ ಅವರು ಮತ್ತೆ ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮೆಸೇಜು. ವಿಮಾನ ಬದಲಾಗಿದೆ. ಎ320 ಬದಲು ಅದರ ಅಣ್ಣ ಎ321. ಉದ್ದದಲ್ಲಿ ಏಳು ಮೀಟರ್ ದೊಡ್ಡದು, ತುರ್ತು ಬಾಗಿಲಿನ ಜಾಗವೇ ಬೇರೆ. 13ಇ ಅನ್ನುವ ಸೀಟು ಹಾಗೇ ಇದೆ, ಪಕ್ಕದ ಬಾಗಿಲು ಮಾತ್ರ ಇಲ್ಲ! ಈ ದಂಧೆಯಲ್ಲಿ ಇಷ್ಟು ವರ್ಷ ಇದ್ದರೂ ಸೀಟಿನ ನಂಬರು ನೋಡಿ ಸುಮ್ನಾಗುತ್ತಿದ್ದೆನೇ ಹೊರತು ಯಾವ ವಿಮಾನ ಅಂತ ನೋಡುವ ಅಭ್ಯಾಸ ನನಗಿರಲಿಲ್ಲ.

ಫೋನ್ ಮಾಡಿ ಹೇಳಿದೆ. "ಅಣ್ಣಾ, ಮೂರು ಗಂಟೆ ಮೊದಲೇ ಹೋಗಿ. ಕೌಂಟರ್‌ನಲ್ಲಿ ಜಗಳ ಆಡಬೇಡಿ. ದುಡ್ಡು ಕಟ್ಟಿದ ರಸೀದಿ ತೋರಿಸಿ. ಆಮೇಲೆ ನೆಟ್ಟಗೆ ನಿಂತ್ಕೊಳ್ಳಿ ಸಾಕು."

ಅವರು ಹಾಗೇ ಮಾಡಿದರು. ಕೌಂಟರಿನ ಹುಡುಗಿ ರಸೀದಿ ನೋಡಿದಳು, ಆಮೇಲೆ ತಲೆ ಎತ್ತಿ ಇವರನ್ನ ನೋಡಿದಳು. ಇನ್ನೂ ತಲೆ ಎತ್ತಿದಳು. ಹಿಂದಿಯಲ್ಲಿ ಏನೋ ಕೇಳಿ, ತುರ್ತು ಬಾಗಿಲಿನ ಸಾಲಿನಲ್ಲೇ ದಾರಿ ಪಕ್ಕದ ಸೀಟು ಕೊಟ್ಟಳು. ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ಆ ಸೀಟು ಖಾಲಿ ಇತ್ತು, ಇವರ ಹತ್ತಿರ ರಸೀದಿ ಇತ್ತು, ಹೋಗಿದ್ದು ಎಲ್ಲರಿಗಿಂತ ಮೊದಲು.

ಆ ಸಾಲಿನಲ್ಲಿ ಕೂರುವವರಿಗೆ ಸಿಬ್ಬಂದಿ ಬಂದು ಬಾಗಿಲು ತೆಗೆಯುವುದು ಹೇಗೆ ಅಂತ ಹೇಳುತ್ತಾರೆ, ತುರ್ತು ಇದ್ದರೆ ಸಹಾಯ ಮಾಡುತ್ತೀರಾ ಅಂತ ಕೇಳುತ್ತಾರೆ, ಬಾಯಿಬಿಟ್ಟು ಹೌದು ಅನ್ನಬೇಕು. ಮಕ್ಕಳಿಗೆ, ಗರ್ಭಿಣಿಯರಿಗೆ, ಓಡಾಡಲು ಕಷ್ಟ ಇರುವವರಿಗೆ ಆ ಸಾಲು ಕೊಡಲ್ಲ. ಶಿಡ್ಲಘಟ್ಟದಲ್ಲಿ ನೂಲಿನ ವ್ಯಾಪಾರ ಮಾಡಿದವರಿಗೆ ಉರ್ದು, ಹಿಂದಿ ಕಲಿಸಬೇಕಾಗಿಲ್ಲ. ಉದ್ದಣ್ಣ ಗಟ್ಟಿಯಾಗಿ "ಜೀ ಹಾಂ" ಅಂದರು.

ತಕರಾರು ಬಂದಿದ್ದು ಸೀರೆಯ ಡಬ್ಬಿಗೆ. ಹೆಂಡತಿಗೆ, ಅಂದರೆ ನಮ್ಮ ಅತ್ತಿಗೆಗೆ ಅಂತ ಕಾಶಿಯಿಂದ ಒಂದು ಸೀರೆ ತಂದಿದ್ದರು, ಡಬ್ಬಿಯನ್ನ ಮಡಿಲಲ್ಲಿ ಇಟ್ಟುಕೊಂಡಿದ್ದರು. ಆ ಸಾಲಿನಲ್ಲಿ ಏರುವಾಗ, ಇಳಿಯುವಾಗ ಕೈಯಲ್ಲಾಗಲಿ ಕಾಲಬುಡದಲ್ಲಾಗಲಿ ಏನೂ ಇರಬಾರದು. ಸಿಬ್ಬಂದಿ ಮೇಲಿನ ಪೆಟ್ಟಿಗೆಗೆ ಹಾಕಿ ಅಂದರು. ಯಾರದೋ ಸೂಟ್‌ಕೇಸ್ ಕೆಳಗೆ ಸೀರೆ ಸಿಕ್ಕಿ ಮುದುರಿದರೆ? ಇವರು ಬಿಡಲೊಲ್ಲರು. ಕೊನೆಗೆ ಆ ಹುಡುಗಿಯೇ ಎಲ್ಲಾ ಸೂಟ್‌ಕೇಸಿನ ಮೇಲೆ ಡಬ್ಬಿಯನ್ನ ಇಟ್ಟು ತೋರಿಸಿ ಬಾಗಿಲು ಹಾಕಿದಳು. ಎರಡೂವರೆ ಗಂಟೆಯಲ್ಲಿ ಉದ್ದಣ್ಣ ಎರಡು ಸಲ ಎದ್ದು ಅದನ್ನ ನೋಡಿದರಂತೆ. ಮೀನಖಂಡಕ್ಕೂ ಒಳ್ಳೆಯದೇ ಆಯಿತು.

ಕಾಲು ಜೋಮು ಹಿಡಿಯಲಿಲ್ಲ. ಸೊಂಟ ಸ್ವಲ್ಪ ನೋವಿತ್ತು, ತಲೆ ಒರಗುವ ಜಾಗ ಹೆಗಲಿಗೇ ಬರುತ್ತಿತ್ತು. ಅದಕ್ಕೆ ಯಾವ ಸಾಲಿನಲ್ಲೂ ಪರಿಹಾರ ಇಲ್ಲ. ಸ್ವೆಟರ್ ಮಡಿಸಿ ಸೊಂಟದ ಹಿಂದೆ ಇಟ್ಟುಕೊಂಡರೆ ಸ್ವಲ್ಪ ವಾಸಿ. ಆದರೆ ಸಾಮಾನ್ಯ ಸೀಟಿನಲ್ಲಿ ಹಾಗೆ ಮಾಡಿದರೆ ಮಂಡಿ ಇನ್ನಷ್ಟು ಮುಂದೆ ಬರುತ್ತೆ. ಅಲ್ಲೂ ಅರ್ಧ ಇಂಚಿನ ಜಗಳವೇ.

ಅಂಗಡಿಯ ನೋಟ್‌ಬುಕ್ಕಿನಲ್ಲಿ ಹೊಸ ಕಲಂ

ಅವತ್ತಿನಿಂದ ಆ ಟೇಪು ಅಂಗಡಿಯಲ್ಲೇ ಇದೆ. ಉದ್ದ ಕಾಣುವವರು ಬಂದರೆ ಗೋಡೆಗೆ ಒರಗಿಸಿ ಕೂರಿಸುತ್ತೇನೆ. ಮೊದಮೊದಲು ಜನ ನಗುತ್ತಿದ್ದರು, ದರ್ಜಿ ಅಂಗಡಿನಾ ಇದು ಅಂತ. ಮಂಡಿ 24ರ ಒಳಗಿದ್ದರೆ ಎಲ್ಲಿ ಬೇಕಾದರೂ ಕೂರಿ ಅನ್ನುತ್ತೇನೆ. 25 ಆಸುಪಾಸಾದರೆ ದಾರಿ ಪಕ್ಕದ್ದು ತಗೊಳ್ಳಿ. 26 ಮುಟ್ಟಿದರೆ ತುರ್ತು ಬಾಗಿಲಿನ ಸಾಲು ಬಿಟ್ಟು ಬೇರೆ ತೋರಿಸುವುದೇ ಇಲ್ಲ. ದುಡ್ಡು ಜಾಸ್ತಿ ಅಂದರೆ ಉದ್ದಣ್ಣನ ಘಟಕದ ದಾರಿ ತೋರಿಸುತ್ತೇನೆ. ಇದು ನನ್ನ ಅಂದಾಜು, ಯಾರೂ ಬರೆದಿಟ್ಟ ನಿಯಮವಲ್ಲ. ವಿಮಾನದ ಮಾದರಿಯನ್ನ ಬುಕ್ ಮಾಡುವಾಗ ಒಂದು ಸಲ, ಹಿಂದಿನ ದಿನ ಒಂದು ಸಲ ನೋಡುತ್ತೇನೆ. ರೆಕ್ಕೆ ಮೇಲೆ ಫ್ಯಾನ್ ಇರುವ ಸಣ್ಣ ಎಟಿಆರ್ 72 ಬಂದರೆ ಉದ್ದ ಇರುವವರಿಗೆ ಮೊದಲೇ ಹೇಳುತ್ತೇನೆ. ಅದರ ಒಳಗಿನ ಎತ್ತರವೇ 191 ಸೆಂಟಿಮೀಟರ್. ಉದ್ದಣ್ಣ 193.

ಮೊನ್ನೆ ಉದ್ದಣ್ಣ, ಅತ್ತಿಗೆ ಇಬ್ಬರೂ ಬಂದಿದ್ದರು. ಈ ಸಲ ಇಬ್ಬರೂ ಕಾಶಿಗೆ, ವ್ಯಾಪಾರಕ್ಕಲ್ಲ, ವಿಶ್ವನಾಥನ ದರ್ಶನಕ್ಕೆ. ತುರ್ತು ಬಾಗಿಲಿನ ಸಾಲಿನಲ್ಲಿ ಎರಡು ಸೀಟು ಒಟ್ಟಿಗೆ ಇರಲಿಲ್ಲ. ನಾನು ಬೇರೆ ದಿನ ನೋಡೋಣವಾ ಅಂದೆ. ಉದ್ದಣ್ಣ ಟೇಪು ಕೇಳಿದರು. ಅತ್ತಿಗೆಯನ್ನ ಸ್ಟೂಲಿನ ಮೇಲೆ ಕೂರಿಸಿ ತಾವೇ ಅಳೆದರು. ಅತ್ತಿಗೆ ಐದಡಿಯವರು. 21 ಇಂಚು ಬಂತು.

"ಇವಳು 21, ನಾನು 26½. ಒಟ್ಟು 47½. ಎರಡು ಸೀಟಿಗೆ ಸೇರಿ ಜಾಗ 52 ಅಲ್ವೇನೋ? ಪಕ್ಕಪಕ್ಕ ಕೂತು ನಾನು ಕಾಲನ್ನ ಇವಳ ಕಡೆ ಓರೆ ಹಾಕ್ತೀನಿ. ಸಾಮಾನ್ಯ ಸೀಟೇ ಹಾಕು. ಇನ್ನೂ ನಾಲ್ಕೂವರೆ ಇಂಚು ಉಳೀತದೆ ನೋಡು."

ಅತ್ತಿಗೆ ಸ್ಟೂಲಿನಿಂದ ಎದ್ದು ಸೆರಗು ಸರಿ ಮಾಡಿಕೊಂಡರು.

"ಆ ನಾಲ್ಕೂವರೆ ನಂದು" ಅಂದರು.